ಎರಡು ಗೆರೆ ಮೂಡುವ ಮುಂಚೆ, ಹೆರಿಗೆ ಮುಗಿದ ಮೇಲೆ: ಒಂಬತ್ತು ತಿಂಗಳ ಲೆಕ್ಕಕ್ಕೆ ಸಿಗದ ಆರೈಕೆ

ಮುಟ್ಟಿನ ದಿನ ದಾಟಿ ನಾಲ್ಕೈದು ದಿನವಾದ ಮೇಲೆ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿಕೊಂಡರೆ, ಗರ್ಭ ನಿಂತಿದ್ದರೆ ಕಡ್ಡಿಯ ಮೇಲೆ ಎರಡು ಗೆರೆ ಮೂಡುತ್ತವೆ. ಆ ಹೊತ್ತಿಗೆ ಭ್ರೂಣಕ್ಕೆ ಹದಿನೆಂಟು ಇಪ್ಪತ್ತು ದಿನ ತುಂಬಿರುತ್ತದೆ. ಮುಂದೆ ಮಿದುಳು, ಬೆನ್ನುಹುರಿ ಆಗಬೇಕಾದ ಜೀವಕೋಶಗಳ ಹಾಳೆ ಆಗಲೇ ಮಡಚಿಕೊಳ್ಳತೊಡಗಿರುತ್ತದೆ. ಇನ್ನು ಹತ್ತು ದಿನದಲ್ಲಿ ಆ ಕೆಲಸ ಮುಗಿದೇ ಹೋಗುತ್ತದೆ. ಮೊದಲ ಬಾರಿ ವೈದ್ಯರನ್ನು ಕಾಣುವುದು ಸಾಮಾನ್ಯವಾಗಿ ಅದಕ್ಕೂ ಆಮೇಲೆ.

ಇನ್ನೊಂದು ತುದಿಯಲ್ಲೂ ಹೀಗೆಯೇ. ಹೆರಿಗೆಯಾಯಿತು, ತಾಯಿ ಮಗು ಮನೆಗೆ ಬಂದರು, ಎಲ್ಲರ ಕಣ್ಣೂ ಮಗುವಿನ ಮೇಲೆ. ಆದರೆ ತಾಯಿಯ ರಕ್ತದ ಒತ್ತಡ ಅತಿ ಹೆಚ್ಚು ಏರುವುದು ಹೆರಿಗೆಯಾದ ಮೂರರಿಂದ ಆರನೇ ದಿನದೊಳಗೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಗರ್ಭಿಣಿಯಾಗಿದ್ದಾಗಿನದಕ್ಕಿಂತ ಹೆರಿಗೆಯ ನಂತರದ ಆರು ವಾರದಲ್ಲೇ ಹೆಚ್ಚು.

ಹೀಗಾಗಿ ಆರೈಕೆಯನ್ನು ಒಂಬತ್ತು ತಿಂಗಳಿಗೆ ಸೀಮಿತ ಮಾಡಿದರೆ ಎರಡೂ ತುದಿ ಬಿಟ್ಟುಹೋಗುತ್ತವೆ. ದೇಹದೊಳಗೆ ಯಾವ ಕೆಲಸ ಯಾವಾಗ ನಡೆಯುತ್ತದೆ ಎಂಬುದು ಗೊತ್ತಾದರೆ ಯಾವ ಮಾತ್ರೆ, ಯಾವ ಪರೀಕ್ಷೆ, ಯಾವ ಎಚ್ಚರಿಕೆ ಯಾವ ವಾರಕ್ಕೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ವಾರಗಳನ್ನು ಎಣಿಸುವುದು ಹೇಗೆ?

ಗರ್ಭ ನಿಂತ ದಿನ ಯಾವುದೆಂದು ಹೆಚ್ಚಿನವರಿಗೆ ನಿಖರವಾಗಿ ಗೊತ್ತಿರುವುದಿಲ್ಲ. ಕೊನೆಯ ಮುಟ್ಟು ಶುರುವಾದ ದಿನ ನೆನಪಿರುತ್ತದೆ. ಅದಕ್ಕೇ ವೈದ್ಯರು ಆ ದಿನದಿಂದಲೇ ಎಣಿಸುತ್ತಾರೆ. ಅಲ್ಲಿಂದ 280 ದಿನಕ್ಕೆ, ಅಂದರೆ 40 ವಾರಕ್ಕೆ, ಹೆರಿಗೆಯ ಅಂದಾಜು ದಿನಾಂಕ. 28 ದಿನದ ಚಕ್ರದಲ್ಲಿ ಗರ್ಭ ನಿಲ್ಲುವುದು ಎರಡು ವಾರ ಕಳೆದ ಮೇಲೆ. ಆದ್ದರಿಂದ "ನಿಮಗೀಗ ಆರು ವಾರ" ಎಂದು ವೈದ್ಯರು ಹೇಳಿದರೆ ಭ್ರೂಣದ ನಿಜವಾದ ವಯಸ್ಸು ನಾಲ್ಕೇ ವಾರ. ಮುಟ್ಟು ಸರಿಯಾಗಿ ಆಗದವರಲ್ಲಿ ಈ ಲೆಕ್ಕ ತಪ್ಪುತ್ತದೆ. ಮೊದಲ ಮೂರು ತಿಂಗಳಲ್ಲಿ ಮಾಡುವ ಸ್ಕ್ಯಾನಿಂಗ್ ಅದನ್ನು ಸರಿಪಡಿಸುತ್ತದೆ. ಆ ಸ್ಕ್ಯಾನ್ ತಡವಾದಷ್ಟೂ ದಿನಾಂಕದ ಅಂದಾಜು ಸಡಿಲವಾಗುತ್ತದೆ, ಏಕೆಂದರೆ ಮೊದಮೊದಲು ಎಲ್ಲ ಭ್ರೂಣಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ, ಆಮೇಲೆ ಒಂದೊಂದು ಒಂದೊಂದು ರೀತಿ. ಮುಂದೆ ಈ ಲೇಖನದಲ್ಲಿ ಬರುವ ಗರ್ಭದ ವಾರಗಳೆಲ್ಲ ಕೊನೆಯ ಮುಟ್ಟಿನಿಂದ ಎಣಿಸಿದವು.

ಮೂರು ತಿಂಗಳು ಮುಂಚೆ ಏನು ಮಾಡಬೇಕು, ಏಕೆ?

ಮೊದಲು ಬರುವುದು ಫೋಲಿಕ್ ಆಸಿಡ್. ಇದು ಬಿ ಗುಂಪಿನ ಒಂದು ವಿಟಮಿನ್, ಹೊಸ ಜೀವಕೋಶ ಹುಟ್ಟುವಾಗ ಬೇಕೇ ಬೇಕು. ಒಂದು ಕಾಗದದ ಎರಡು ಅಂಚನ್ನು ಮೇಲೆತ್ತಿ ಕೊಳವೆಯ ಹಾಗೆ ಸುತ್ತಿ, ಸೇರುವ ಜಾಗವನ್ನು ಅಂಟಿಸಿದಂತೆ ಭ್ರೂಣದ ಬೆನ್ನ ಮೇಲಿನ ಹಾಳೆ ಕೊಳವೆಯಾಗುತ್ತದೆ. ಮೇಲ್ತುದಿ ಮಿದುಳು, ಉಳಿದದ್ದು ಬೆನ್ನುಹುರಿ. ಗರ್ಭ ನಿಂತ ಸುಮಾರು 28ನೇ ದಿನಕ್ಕೆ ಈ ಕೊಳವೆ ಪೂರ್ತಿ ಮುಚ್ಚಿರಬೇಕು. ಕೆಳಗೆ ಮುಚ್ಚದೆ ಉಳಿದರೆ ಬೆನ್ನುಹುರಿ ತೆರೆದುಕೊಂಡ ಮಗು ಹುಟ್ಟುತ್ತದೆ, ಮೇಲೆ ಮುಚ್ಚದಿದ್ದರೆ ಮಿದುಳೇ ಬೆಳೆಯುವುದಿಲ್ಲ. 29ನೇ ದಿನ ಎಷ್ಟು ಮಾತ್ರೆ ನುಂಗಿದರೂ ಆ ಬಿರುಕು ಕೂಡುವುದಿಲ್ಲ.

ಆದ್ದರಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅನ್ನು ಗರ್ಭ ನಿಲ್ಲುವ ಕನಿಷ್ಠ ಒಂದು ತಿಂಗಳ ಮುಂಚಿನಿಂದ, ಸಾಧ್ಯವಾದರೆ ಮೂರು ತಿಂಗಳ ಮುಂಚಿನಿಂದ ತೆಗೆದುಕೊಳ್ಳಬೇಕು. 12 ವಾರ ತುಂಬುವವರೆಗೆ ಬಿಡಬಾರದು. ದೇಹದಲ್ಲಿ ಅದರ ಸಂಗ್ರಹ ತುಂಬಲು ವಾರಗಳೇ ಹಿಡಿಯುವುದರಿಂದ ಇಷ್ಟು ಮುಂಚೆ. ಹಸಿರು ಸೊಪ್ಪು, ಕಾಳುಗಳಲ್ಲಿ ಈ ವಿಟಮಿನ್ ಇದೆ, ನಿಜ. ಆದರೆ ಬೇಯಿಸುವಾಗ ಸಾಕಷ್ಟು ನಾಶವಾಗುತ್ತದೆ, ಉಳಿದದ್ದೂ ಮಾತ್ರೆಯಲ್ಲಿರುವಷ್ಟು ಚೆನ್ನಾಗಿ ಮೈಗೆ ಹತ್ತುವುದಿಲ್ಲ. ಹಿಂದಿನ ಮಗುವಿಗೆ ಈ ತೊಂದರೆ ಇದ್ದವರಿಗೆ, ಮೂರ್ಛೆರೋಗದ ಕೆಲವು ಔಷಧಿ ತೆಗೆದುಕೊಳ್ಳುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರು ಹತ್ತು ಪಟ್ಟು ಹೆಚ್ಚು, ಅಂದರೆ 4ರಿಂದ 5 ಮಿಲಿಗ್ರಾಂ ಬರೆದುಕೊಡಬಹುದು. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ, ಹಿಂದೆ ಇಂಥ ಮಗು ಹೆತ್ತಿದ್ದ ತಾಯಂದಿರು ಮುಂಚಿತವಾಗಿ 4 ಮಿಲಿಗ್ರಾಂ ತೆಗೆದುಕೊಂಡಾಗ ಮತ್ತೆ ಅದೇ ತೊಂದರೆ ಬರುವ ಸಾಧ್ಯತೆ ಶೇ. 72ರಷ್ಟು ಇಳಿದಿತ್ತು. ಇಷ್ಟು ಸಣ್ಣ ಮಾತ್ರೆಯಿಂದ ಇಷ್ಟು ದೊಡ್ಡ ಲಾಭ ವೈದ್ಯಶಾಸ್ತ್ರದಲ್ಲಿ ಅಪರೂಪ.

ಎರಡನೆಯದು, ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಿಗಳು. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೋಯೇಟ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಕೀಲುರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಬಿಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ಭ್ರೂಣಕ್ಕೆ ಹಾನಿ ಮಾಡಬಲ್ಲವು. ಹಾಗೆಂದು ತಾವೇ ನಿಲ್ಲಿಸಿಬಿಟ್ಟರೆ ಅದು ಇನ್ನೂ ಅಪಾಯ. ಮೂರ್ಛೆ ಮರುಕಳಿಸಿದರೆ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಬದಲಿ ಔಷಧಿಗೆ ಸಾವಕಾಶವಾಗಿ ದಾಟಿಸಲು ವೈದ್ಯರಿಗೆ ಕೆಲವು ತಿಂಗಳು ಬೇಕಾಗುತ್ತದೆ. ಮುಂಚೆಯೇ ಹೋಗಿ ಹೇಳಬೇಕು ಎನ್ನುವುದು ಇದಕ್ಕೇ.

ಸಕ್ಕರೆ ಕಾಯಿಲೆ ಇರುವವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಸಕ್ಕರೆ ಅತಿಯಾಗಿ ಕುಸಿಯದಂತೆ ನೋಡಿಕೊಂಡು ಅದನ್ನು ಶೇ. 6.5ಕ್ಕಿಂತ ಕೆಳಗೆ ತಂದುಕೊಂಡರೆ ಒಳ್ಳೆಯದು. ಭ್ರೂಣದ ಹೃದಯ ರೂಪುಗೊಳ್ಳುವುದು ಮೊದಲ ಎಂಟು ವಾರದಲ್ಲಿ, ಆಗ ತಾಯಿಯ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಹೃದಯದ ರಚನೆಯೇ ಕೆಡಬಹುದು. ಥೈರಾಯ್ಡ್ ಮಾತ್ರೆಯದ್ದೂ ಇಂಥದ್ದೇ ಕಥೆ: ಸುಮಾರು 12 ವಾರದವರೆಗೆ ಭ್ರೂಣಕ್ಕೆ ತನ್ನದೇ ಥೈರಾಯ್ಡ್ ಹಾರ್ಮೋನ್ ಇರುವುದಿಲ್ಲ, ಮಿದುಳಿನ ಬೆಳವಣಿಗೆಗೆ ತಾಯಿಯದ್ದನ್ನೇ ನೆಚ್ಚಿಕೊಂಡಿರುತ್ತದೆ. ಗರ್ಭ ನಿಂತದ್ದು ಗೊತ್ತಾದ ಕೂಡಲೇ ಮಾತ್ರೆಯ ಪ್ರಮಾಣವನ್ನು ಶೇ. 25ರಿಂದ 30ರಷ್ಟು ಹೆಚ್ಚಿಸಬೇಕಾಗಿ ಬರುವುದು ಸಾಮಾನ್ಯ, ಆದ್ದರಿಂದ ಮುಂದಿನ ತಪಾಸಣೆಯವರೆಗೆ ಕಾಯದೆ ಆಗಲೇ ವೈದ್ಯರಿಗೆ ತಿಳಿಸಿ.

ರುಬೆಲ್ಲಾ ಎಂಬ ಸೌಮ್ಯ ಜ್ವರ ಗರ್ಭಿಣಿಗೆ ತಗಲಿದರೆ ಮಗು ಕುರುಡಾಗಿ ಹುಟ್ಟಬಹುದು ಎಂಬುದನ್ನು 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಮೊದಲು ಗುರುತಿಸಿದರು. ಇಂದು ಅದಕ್ಕೆ ಲಸಿಕೆ ಇದೆ. ಆದರೆ ಅದು ಜೀವಂತ ವೈರಸ್ಸಿನ ಲಸಿಕೆ, ಗರ್ಭಿಣಿಗೆ ಕೊಡುವಂತಿಲ್ಲ. ಸೀತಾಳೆ ಸಿಡುಬಿನ ಲಸಿಕೆಯೂ ಹಾಗೆಯೇ. ಹಾಕಿಸಿಕೊಂಡು ಕನಿಷ್ಠ ಒಂದು ತಿಂಗಳು ಬಿಟ್ಟು ಗರ್ಭಕ್ಕೆ ಪ್ರಯತ್ನಿಸಬೇಕು. ಗಂಡ ಹೆಂಡತಿ ಇಬ್ಬರೂ ಥಲಸ್ಸೇಮಿಯಾ ಎಂಬ ವಂಶಪಾರಂಪರ್ಯ ರಕ್ತರೋಗದ ವಾಹಕರೇ ಎಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಸರಿಯಾದ ಸಮಯವೂ ಇದೇ. ಗಂಡಸರಿಗೆ ಈ ಮೂರು ತಿಂಗಳಲ್ಲಿ ಕೆಲಸವಿಲ್ಲ ಎಂದುಕೊಳ್ಳಬಾರದು. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಹೆಚ್ಚು ಬೇಕು, ಇವತ್ತು ಬಿಟ್ಟ ಸಿಗರೇಟಿನ ಫಲ ಕಾಣುವುದು ಮೂರನೇ ತಿಂಗಳಿಗೆ. ಮದ್ಯಕ್ಕೆ ಬಂದರೆ, ಗರ್ಭಿಣಿಗೆ ಇಷ್ಟು ಕುಡಿದರೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲ.

ರಕ್ತ ಹೆಚ್ಚಾಗುತ್ತದೆ, ಆದರೂ ರಕ್ತಹೀನತೆ ಏಕೆ?

ಗರ್ಭ ಬೆಳೆದಂತೆ ತಾಯಿಯ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಆದರೆ ರಕ್ತದ ನೀರಿನಂಶ ಬೇಗ ಏರುತ್ತದೆ, ಕೆಂಪು ಕಣಗಳು ಹಿಂದೆ ಬೀಳುತ್ತವೆ. ಹಾಲಿಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತದೆ, ಹಾಲು ಮಾತ್ರ ತೆಳ್ಳಗಾಗುತ್ತದಲ್ಲ, ಹಾಗೆ. ಅದಕ್ಕೇ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಹೀಗಿದೆ: ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ 11 ಗ್ರಾಂ, ನಡುವಿನ ಮೂರು ತಿಂಗಳಲ್ಲಿ 10.5 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ.

ಇಡೀ ಗರ್ಭಾವಧಿಗೆ ಬೇಕಾಗುವ ಹೆಚ್ಚುವರಿ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ಇದರಲ್ಲಿ ಮಗು ಮತ್ತು ಮಾಸಿಗೆ (ಗರ್ಭಕೋಶಕ್ಕೆ ಅಂಟಿಕೊಂಡು ಮಗುವನ್ನು ಪೋಷಿಸುವ ಅಂಗ, ಪ್ಲಾಸೆಂಟಾ) 300, ತಾಯಿಯ ಹೊಸ ರಕ್ತಕ್ಕೆ 500, ದಿನನಿತ್ಯ ಮೈಯಿಂದ ಹೋಗುವುದಕ್ಕೆ 200. ಇದರ ಬಹುಪಾಲು ಬೇಕಾಗುವುದು ಕೊನೆಯ ಇಪ್ಪತ್ತು ವಾರದಲ್ಲಿ. ಊಟದಿಂದಲೇ ಇಷ್ಟನ್ನು ಒದಗಿಸುವುದು ಹೆಚ್ಚಿನವರಿಗೆ ಆಗದ ಮಾತು. ಹಾಗಾಗಿ ದಿನಕ್ಕೆ 30ರಿಂದ 60 ಮಿಲಿಗ್ರಾಂ ಕಬ್ಬಿಣಾಂಶದ ಮಾತ್ರೆಯನ್ನು ಸೂಚಿಸಲಾಗಿದೆ. ಮಾತ್ರೆಯ ಪಟ್ಟಿ ಕೊಳ್ಳುವಾಗ ಒಂದು ಕಡೆ ಗಮನಿಸಬೇಕು. ಮೇಲೆ ದೊಡ್ಡದಾಗಿ ಬರೆದಿರುವುದು ಲವಣದ ತೂಕವಿರಬಹುದು, ಒಳಗಿನ ಕಬ್ಬಿಣದ ತೂಕ ಅದರ ಒಂದು ಪಾಲು ಮಾತ್ರ. ಸಾಮಾನ್ಯವಾಗಿ ಸಿಗುವ 300 ಮಿಲಿಗ್ರಾಂ ಫೆರಸ್ ಸಲ್ಫೇಟಿನಲ್ಲಿ ಕಬ್ಬಿಣ ಇರುವುದು 60 ಮಿಲಿಗ್ರಾಂ.

ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿರುವುದಕ್ಕೆ ಎಷ್ಟೋ ಸಲ ಕಾರಣ ನುಂಗುವ ಸಮಯ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವೆಲ್ಲ ಕಬ್ಬಿಣವನ್ನು ಕರುಳಿನಲ್ಲೇ ತಡೆಹಿಡಿಯುತ್ತವೆ. ಕಬ್ಬಿಣಕ್ಕೂ ಇವಕ್ಕೂ ಎರಡು ಗಂಟೆ ಅಂತರವಿರಲಿ. ನಿಂಬೆ, ಕಿತ್ತಳೆಯಂಥ ಹುಳಿ ಹಣ್ಣಿನ ರಸದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರಿಕೆಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಉತ್ತಮ, ಆದರೆ ವಾಕರಿಕೆ ಬರುವವರು ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಬಹುದು. ಮಲ ಕಪ್ಪಾಗುವುದಕ್ಕೆ ಹೆದರಬೇಕಿಲ್ಲ, ಹೀರಿಕೆಯಾಗದೆ ಉಳಿದ ಕಬ್ಬಿಣದ ಬಣ್ಣ ಅದು. ಮಲಬದ್ಧತೆಯಾದರೆ ಮಾತ್ರೆ ಎಸೆಯುವ ಬದಲು ವೈದ್ಯರಿಗೆ ಹೇಳಿ. ಬೇರೆ ಲವಣದ ಮಾತ್ರೆ ಇದೆ, ದಿನ ಬಿಟ್ಟು ದಿನ ಕೊಡುವ ಕ್ರಮವಿದೆ, ತೀರಾ ಕಡಿಮೆ ಇದ್ದರೆ ರಕ್ತನಾಳದ ಮೂಲಕ ಕೊಡುವ ಚುಚ್ಚುಮದ್ದೂ ಇದೆ.

ಇಬ್ಬರಿಗಾಗಿ ತಿನ್ನಬೇಕೇ?

ಬೇಡ. ಮೊದಲ ಮೂರು ತಿಂಗಳಲ್ಲಿ ಹೆಚ್ಚುವರಿ ಆಹಾರವೇ ಬೇಕಿಲ್ಲ. ನಡುವಿನ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 340 ಕ್ಯಾಲೊರಿ, ಕೊನೆಯ ಮೂರು ತಿಂಗಳಲ್ಲಿ 450 ಕ್ಯಾಲೊರಿ ಹೆಚ್ಚಿಗೆ ಸಾಕು. ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಿಡಿ ಕಡಲೆಬೀಜ ಸೇರಿದರೆ ಹೆಚ್ಚುಕಡಿಮೆ ಅಷ್ಟಾಯಿತು.

ಎಷ್ಟು ತೂಕ ಏರಬೇಕು ಎಂಬುದು ಗರ್ಭಕ್ಕೆ ಮುಂಚಿನ ತೂಕವನ್ನು ಅವಲಂಬಿಸಿದೆ. ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಅದು 18.5ಕ್ಕಿಂತ ಕಡಿಮೆ ಇದ್ದವರು 12.5ರಿಂದ 18 ಕಿಲೋ, 18.5ರಿಂದ 24.9 ಇದ್ದವರು 11.5ರಿಂದ 16 ಕಿಲೋ, 25ರಿಂದ 29.9 ಇದ್ದವರು 7ರಿಂದ 11.5 ಕಿಲೋ, 30 ದಾಟಿದವರು 5ರಿಂದ 9 ಕಿಲೋ ಏರಿದರೆ ಸರಿ. ಇದು 2009ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ಲೆಕ್ಕ. ಏರಿದ ತೂಕವೆಲ್ಲ ಕೊಬ್ಬಲ್ಲ. ಮಗು ಮೂರು ಕಿಲೋ ಚಿಲ್ಲರೆ, ಮಾಸು, ಗರ್ಭದ ನೀರು, ಹಿಗ್ಗಿದ ಗರ್ಭಕೋಶ ಮೂರೂ ಸೇರಿ ಎರಡೂವರೆ ಕಿಲೋ, ಹೆಚ್ಚಾದ ರಕ್ತ ಒಂದೂವರೆ ಕಿಲೋ. ಉಳಿದದ್ದು ಮೈಯಲ್ಲಿ ನಿಂತ ನೀರು, ಎದೆಯ ಬೆಳವಣಿಗೆ ಮತ್ತು ಹಾಲುಣಿಸಲು ಕೂಡಿಟ್ಟ ಕೊಬ್ಬು.

ಹಸಿ ಮಾಂಸ, ಅರೆಬೆಂದ ಮೊಟ್ಟೆ, ಕಾಯಿಸದ ಹಾಲು ಬೇಡ. ಗರ್ಭಿಣಿಯ ರೋಗನಿರೋಧಕ ವ್ಯವಸ್ಥೆ ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾವನ್ನು ತಡೆಯುವಲ್ಲಿ ದುರ್ಬಲ, ಅದು ಮಾಸನ್ನು ದಾಟಿ ಮಗುವನ್ನು ಮುಟ್ಟಬಲ್ಲದು. ಕಾಫಿಯ ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟದಿರಲಿ.

ಬಿಪಿ: ನೋವಿಲ್ಲದೆ ಏರುವ ಅಪಾಯ

ಈ ಲೇಖನದಲ್ಲಿ ಒಂದೇ ಭಾಗವನ್ನು ಎರಡು ಸಲ ಓದುವುದಾದರೆ ಇದನ್ನು ಓದಿ.

ಮಗುವಿಗೆ ರಕ್ತ ತಲುಪಿಸಲು ಮಾಸು ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಗೋಡೆಯೊಳಗೆ ಇಳಿದು, ಅಲ್ಲಿನ ಸುರುಳಿ ಸುರುಳಿಯಾದ ಸಣ್ಣ ರಕ್ತನಾಳಗಳನ್ನು ಅಗಲ ಮಾಡುತ್ತದೆ. ತೋಟದ ಕಿರುಗಾಲುವೆಯನ್ನು ಅಗೆದು ಅಗಲಿಸಿದಂತೆ. ಕೆಲವರಲ್ಲಿ ಈ ಅಗೆತ ಅರ್ಧಕ್ಕೇ ನಿಲ್ಲುತ್ತದೆ. ಮಗು ಸಣ್ಣದಿರುವಾಗ ಕಿರಿದಾದ ಕಾಲುವೆಯೂ ಸಾಕಾಗುತ್ತದೆ, ಅದಕ್ಕೇ ಮೊದಲ ಅರ್ಧದಲ್ಲಿ ಏನೂ ಗೊತ್ತಾಗುವುದಿಲ್ಲ. ಮಗು ಬೆಳೆದು ಬೇಡಿಕೆ ಹೆಚ್ಚಿದಾಗ ರಕ್ತ ಸಾಲದ ಮಾಸು ಕೆಲವು ರಾಸಾಯನಿಕಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ತಾಯಿಯ ಮೈಯ ಎಲ್ಲ ರಕ್ತನಾಳಗಳ ಒಳಪದರಕ್ಕೂ ಪೆಟ್ಟು ಕೊಡುತ್ತವೆ. ನಾಳಗಳು ಬಿಗಿದು ಬಿಪಿ ಏರುತ್ತದೆ, ಮೂತ್ರಪಿಂಡದಿಂದ ಪ್ರೊಟೀನ್ ಸೋರುತ್ತದೆ, ಯಕೃತ್ತು ಮತ್ತು ಮಿದುಳಿಗೂ ತೊಂದರೆಯಾಗುತ್ತದೆ. ಇದರ ಹೆಸರು ಪ್ರಿಎಕ್ಲಾಂಪ್ಸಿಯಾ. ಕೈ ಮೀರಿದರೆ ಫಿಟ್ಸ್ ಬರುತ್ತದೆ, ಅದು ಎಕ್ಲಾಂಪ್ಸಿಯಾ.

20 ವಾರದ ನಂತರ ನಾಲ್ಕು ಗಂಟೆ ಅಂತರದಲ್ಲಿ ಎರಡು ಸಲ ನೋಡಿದಾಗಲೂ ಬಿಪಿಯ ಮೇಲಿನ ಸಂಖ್ಯೆ 140 ಅಥವಾ ಕೆಳಗಿನದು 90 ಮುಟ್ಟಿದ್ದರೆ ತಪಾಸಣೆ ಬೇಕೇ ಬೇಕು. 160 ಅಥವಾ 110 ಮುಟ್ಟಿದರೆ ಅದು ತುರ್ತು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಬಿಡದ ತಲೆನೋವು, ಕಣ್ಣ ಮುಂದೆ ಮಿಂಚಿದಂತಾಗುವುದು ಅಥವಾ ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು ಇದರ ಲಕ್ಷಣಗಳು. ಪಾದ ಮಾತ್ರ ಸಂಜೆ ಹೊತ್ತಿಗೆ ಊದುವುದು ಹೆಚ್ಚಿನ ಗರ್ಭಿಣಿಯರಲ್ಲಿ ಸಾಮಾನ್ಯ.

ಮನೆಯಲ್ಲಿ ಬಿಪಿ ನೋಡುವವರು ಅಳತೆ ತಪ್ಪಾಗದಂತೆ ಹೀಗೆ ಮಾಡಬೇಕು. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಮಾತಾಡದೆ ಕೂರಬೇಕು. ಎರಡೂ ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಬಾರದು. ಕೈಯನ್ನು ಮೇಜಿನ ಮೇಲೆ ಇಟ್ಟು, ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಬೇಕು. ಕೈ ಹತ್ತು ಸೆಂಟಿಮೀಟರ್ ಕೆಳಗೆ ಜೋತುಬಿದ್ದರೆ ಅಳತೆ ಏಳೆಂಟು ಅಂಕ ಸುಳ್ಳೇ ಏರುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಹಾಗೆಯೇ. ಬಟ್ಟೆಯ ಮೇಲೆ ಪಟ್ಟಿ ಕಟ್ಟಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ದಿನಾಂಕ ಹಾಕಿ ಎರಡನ್ನೂ ಬರೆದಿಡಿ.

ಹಿಂದಿನ ಗರ್ಭದಲ್ಲಿ ಈ ತೊಂದರೆ ಬಂದವರು, ಮೊದಲಿಂದಲೇ ಬಿಪಿ, ಸಕ್ಕರೆ, ಮೂತ್ರಪಿಂಡದ ಕಾಯಿಲೆ ಇರುವವರು, ಅವಳಿ ಹೊತ್ತವರು ಇವರಿಗೆ ವೈದ್ಯರು 12 ವಾರದಿಂದ, 16 ವಾರ ದಾಟುವುದರೊಳಗೆ, ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುಮಾಡುತ್ತಾರೆ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಕ್ಯಾಲ್ಸಿಯಂ ಮಾತ್ರೆಯೂ ರಕ್ಷಣೆ ಕೊಡುತ್ತದೆ. ಫಿಟ್ಸ್ ತಡೆಯಲು ಆಸ್ಪತ್ರೆಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. 33 ದೇಶಗಳ ಹತ್ತು ಸಾವಿರ ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಅಗ್ಗದ ಔಷಧಿ ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತ ಕೆಳಗಿಳಿಸಿತ್ತು. ಆದರೆ ಕಾಯಿಲೆಯ ಮೂಲ ಮಾಸಿನಲ್ಲಿರುವುದರಿಂದ ನಿಜವಾದ ಪರಿಹಾರ ಹೆರಿಗೆಯೇ. ಹೆರಿಗೆಯಾದ ಮರುಗಳಿಗೆಯೇ ಅಪಾಯ ತೀರುವುದಿಲ್ಲ, ಅದನ್ನು ಮುಂದೆ ನೋಡೋಣ.

ಗರ್ಭಿಣಿಗೆ ಮಾತ್ರ ಬರುವ ಸಕ್ಕರೆ

ಮಾಸು ಸುರಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ತಡೆಯುತ್ತವೆ. ಮಗುವಿಗೆ ಸಕ್ಕರೆ ಧಾರಾಳವಾಗಿ ಸಿಗಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಅದು. ತಾಯಿಯ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಸರಿದೂಗಿಸಬೇಕು. ಆಗದಿದ್ದರೆ ಸಕ್ಕರೆ ಏರುತ್ತದೆ. ಸಕ್ಕರೆ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಹೀಗೆ ಬಂದ ಹೆಚ್ಚುವರಿ ಸಕ್ಕರೆಗೆ ಮಗುವೇ ಇನ್ಸುಲಿನ್ ತಯಾರಿಸುತ್ತದೆ, ಅದರಿಂದ ಭುಜ, ಹೊಟ್ಟೆ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ. ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆಯ ಸರಬರಾಜು ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಹಾಗಾಗಿ ಮಗುವಿನ ಸಕ್ಕರೆ ಥಟ್ಟನೆ ಕುಸಿಯುತ್ತದೆ.

ಈ ಹಾರ್ಮೋನುಗಳ ಒತ್ತಡ ಜೋರಾಗುವುದು ಗರ್ಭದ ನಡುವಿನಲ್ಲಿ, ಅದಕ್ಕೇ ಪರೀಕ್ಷೆ 24ರಿಂದ 28 ವಾರದೊಳಗೆ. ಕನಿಷ್ಠ ಎಂಟು ಗಂಟೆ ಉಪವಾಸವಿದ್ದು ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಬೆರೆಸಿದ ನೀರನ್ನು ಐದು ನಿಮಿಷದಲ್ಲಿ ಕುಡಿದು, ಓಡಾಡದೆ ಕೂತು, ಒಂದು ಗಂಟೆಗೆ ಮತ್ತು ಎರಡು ಗಂಟೆಗೆ ಮತ್ತೆ ರಕ್ತ ಕೊಡಬೇಕು. ಉಪವಾಸದಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153 ಮಿಲಿಗ್ರಾಂ. ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೂ ಗರ್ಭಿಣಿಯ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಬಹಳಷ್ಟು ಜನರಿಗೆ ಆಹಾರದ ಬದಲಾವಣೆ, ಊಟದ ನಂತರದ ನಡಿಗೆಯಿಂದಲೇ ಹತೋಟಿಗೆ ಬರುತ್ತದೆ. ಬಾರದವರಿಗೆ ಇನ್ಸುಲಿನ್ ಕೊಡುತ್ತಾರೆ, ಅದು ಮಗುವಿಗೆ ತಲುಪದ ಔಷಧಿ ಎಂಬುದನ್ನು ಈಗಷ್ಟೇ ನೋಡಿದೆವು.

ದಿನನಿತ್ಯದ ಕೆಲವು ಪ್ರಶ್ನೆಗಳು

ತಪಾಸಣೆ ಎಷ್ಟು ಸಲ? ಎಲ್ಲ ಸರಿಯಾಗಿದ್ದರೂ ಕನಿಷ್ಠ ಎಂಟು ಸಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ. ಮೊದಲನೆಯದು 12 ವಾರದೊಳಗೆ, ಆಮೇಲೆ 20, 26, 30, 34, 36, 38, 40ನೇ ವಾರ. ಕೊನೆಕೊನೆಗೆ ಹತ್ತಿರ ಹತ್ತಿರವಾಗುವುದು ಬಿಪಿಯ ಕಾರಣಕ್ಕೆ ಕೂಡ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆದರೆ ಮುಂದಿನ ಮಗುವಿಗೆ ತೊಂದರೆಯಾಗದಂತೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡಬೇಕು. ಹಲವು ಕಡೆ 28ನೇ ವಾರದಲ್ಲೂ ಒಂದು ಕೊಡುತ್ತಾರೆ.

ವ್ಯಾಯಾಮ? ವಾರಕ್ಕೆ 150 ನಿಮಿಷ, ಚುರುಕಾದ ನಡಿಗೆಯೇ ಸಾಕು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ರಕ್ತಸ್ರಾವ, ಮಾಸು ಕೆಳಗಿರುವುದು, ಅವಧಿಗೆ ಮುಂಚಿನ ನೋವು ಇದ್ದರೆ ವೈದ್ಯರನ್ನು ಕೇಳದೆ ಬೇಡ.

ಮೈಕೈ ನೋವಿಗೆ ಮಾತ್ರೆ? ಬೇಕಾದಾಗ, ಬೇಕಾದಷ್ಟೇ ಪ್ಯಾರಾಸಿಟಮಾಲ್. ಐಬುಪ್ರೊಫೇನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳನ್ನು 20 ವಾರದ ನಂತರ ವೈದ್ಯರು ಹೇಳದೆ ಮುಟ್ಟಬಾರದು. ಅವು ಮಗುವಿನ ಮೂತ್ರಪಿಂಡದ ಕೆಲಸ ಕುಗ್ಗಿಸುತ್ತವೆ, ಗರ್ಭದ ನೀರಿನ ಬಹುಪಾಲು ಮಗುವಿನ ಮೂತ್ರವೇ ಆದ್ದರಿಂದ ನೀರು ಕಡಿಮೆಯಾಗುತ್ತದೆ.

ಮಲಗುವುದು ಹೇಗೆ? 28 ವಾರದ ನಂತರ ಮಗ್ಗುಲಾಗಿ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನ ಮುಂದಿನ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ನಿದ್ದೆಯಲ್ಲಿ ಹೊರಳಿ ಅಂಗಾತವಾದರೆ ಗಾಬರಿ ಬೇಡ, ಎಚ್ಚರವಾದಾಗ ಮತ್ತೆ ಮಗ್ಗುಲಾದರೆ ಸಾಕು.

ಮಗುವಿನ ಅಲುಗಾಟ? 16ರಿಂದ 24 ವಾರದೊಳಗೆ ಗೊತ್ತಾಗತೊಡಗುತ್ತದೆ, ಚೊಚ್ಚಲು ಬಸಿರಿಯರಿಗೆ ತುಸು ತಡ. ಒಂದೊಂದು ಮಗುವಿಗೂ ತನ್ನದೇ ರೂಢಿ ಇರುತ್ತದೆ. ದಿನ ಹತ್ತಿರ ಬಂದಾಗ ಅಲುಗಾಟ ಕಡಿಮೆಯಾಗುತ್ತದೆ ಎಂಬ ಮಾತು ತಪ್ಪು, ಅದನ್ನು ನಂಬಿ ಕಾದವರು ಮಗುವನ್ನು ಕಳೆದುಕೊಂಡದ್ದುಂಟು. ರೂಢಿಗಿಂತ ಕಡಿಮೆ ಅನಿಸಿದರೆ ನಾಳೆಗೆ ಬಿಡದೆ ಅವತ್ತೇ ತೋರಿಸಬೇಕು. ರಕ್ತಸ್ರಾವ, 37 ವಾರಕ್ಕೆ ಮುಂಚೆ ಬಿಟ್ಟುಬಿಟ್ಟು ಬರುವ ನೋವು, ನೀರು ಹೋಗುವುದು, ಜ್ವರ, ನೀರನ್ನೂ ಉಳಿಸಿಕೊಳ್ಳಲಾಗದ ವಾಂತಿ ಇವಕ್ಕೂ ಅದೇ ನಿಯಮ.

ಹೆರಿಗೆಯ ನಂತರದ ಆರು ವಾರ

ಮಾಸು ಕಳಚಿಕೊಂಡ ಜಾಗ ಅಂಗೈಗಿಂತ ಅಗಲದ ಹಸಿ ಗಾಯ. ಅಲ್ಲಿ ತೆರೆದುಕೊಂಡ ರಕ್ತನಾಳಗಳನ್ನು ಮುಚ್ಚುವುದು ಗರ್ಭಕೋಶದ ಸ್ನಾಯುವೇ. ಹೆಣೆದುಕೊಂಡ ಎಳೆಗಳು ಬಿಗಿದು, ಚೀಲದ ಬಾಯಿಯ ದಾರ ಎಳೆದಂತೆ ನಾಳಗಳನ್ನು ಹಿಸುಕುತ್ತವೆ. ಸ್ನಾಯು ಸಡಿಲವಾದರೆ ರಕ್ತ ಹರಿಯುತ್ತದೆ. ಮಗು ಹುಟ್ಟಿದ ಕೂಡಲೇ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು ಈ ಬಿಗಿತಕ್ಕಾಗಿ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಸರಿಯಾಗಿ ಬಿಗಿಯುವುದಿಲ್ಲ, ಆದ್ದರಿಂದ ಹೆರಿಗೆಯಾದ ಆರು ಗಂಟೆಯೊಳಗೆ ಒಮ್ಮೆ ಮೂತ್ರ ಮಾಡಲೇಬೇಕು.

ಮನೆಗೆ ಬಂದ ಮೇಲೆ ಸ್ರಾವ ಮೊದಲ ಮೂರು ನಾಲ್ಕು ದಿನ ಕೆಂಪು, ಆಮೇಲೆ ಹತ್ತು ದಿನದವರೆಗೆ ಕಂದು ಗುಲಾಬಿ, ನಂತರ ಹಳದಿ ಬಿಳಿ, ನಾಲ್ಕರಿಂದ ಆರು ವಾರಕ್ಕೆ ನಿಲ್ಲುತ್ತದೆ. ಹಾಲುಣಿಸುವಾಗ ಹೊಟ್ಟೆ ಹಿಂಡಿದಂತಾಗಿ ಸ್ರಾವ ತುಸು ಹೆಚ್ಚುವುದು ಸಹಜ. ಒಂದೇ ಗಂಟೆಯಲ್ಲಿ ಪ್ಯಾಡ್ ತೊಯ್ದುಹೋದರೆ, ಮೊಟ್ಟೆ ಗಾತ್ರದ ಗಡ್ಡೆ ಬಿದ್ದರೆ, ಕೆಟ್ಟ ವಾಸನೆ ಬಂದರೆ ಸಹಜವಲ್ಲ.

38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರವನ್ನು "ಹಾಲು ಬರುವ ಜ್ವರ" ಎಂದು ತಳ್ಳಿಹಾಕಬಾರದು. ಗರ್ಭಕೋಶದ ಸೋಂಕು, ಹೊಲಿಗೆಯ ಸೋಂಕು, ಮೂತ್ರದ ಸೋಂಕು, ಎದೆಯ ಬಾವು ಯಾವುದೂ ಇರಬಹುದು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಹೆರಿಗೆ ಮಾಡಿಸುವವರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ಕಡ್ಡಾಯ ಮಾಡಿದಾಗ ಬಾಣಂತಿ ಜ್ವರದ ಸಾವುಗಳು ಒಮ್ಮೆಲೇ ಇಳಿದವು. ಬಾಣಂತಿಯನ್ನೂ ಮಗುವನ್ನೂ ಮುಟ್ಟುವ ಪ್ರತಿಯೊಬ್ಬರಿಗೂ ಸೋಪಿನಲ್ಲಿ ಕೈ ತೊಳೆಯುವ ನಿಯಮ ಇವತ್ತಿಗೂ ಅನ್ವಯಿಸುತ್ತದೆ. ಎದೆಯ ಒಂದು ಕಡೆ ಕೆಂಪಾಗಿ ನೋಯುತ್ತಿದ್ದರೆ ಹಾಲುಣಿಸುವುದನ್ನು ನಿಲ್ಲಿಸಬೇಕಿಲ್ಲ, ಮಗುವಿಗೂ ತೊಂದರೆಯಿಲ್ಲ.

ಬಿಪಿ ಮತ್ತೆ ಬಂತು. ಮೈಯಲ್ಲಿ ನಿಂತಿದ್ದ ನೀರು ಹೆರಿಗೆಯ ನಂತರ ರಕ್ತನಾಳಗಳಿಗೆ ಮರಳುವುದರಿಂದ ಮೂರರಿಂದ ಆರನೇ ದಿನ ಒತ್ತಡ ಶಿಖರ ಮುಟ್ಟುತ್ತದೆ. ಎಷ್ಟೋ ಜನ ಅಷ್ಟರಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದಿರುತ್ತಾರೆ. ಗರ್ಭಿಣಿಯಾಗಿದ್ದಾಗ ಬಿಪಿ ಸರಿಯಿದ್ದವರಿಗೂ ಪ್ರಿಎಕ್ಲಾಂಪ್ಸಿಯಾ ಆರು ವಾರದವರೆಗೆ ಬರಬಹುದು. ಬಾಣಂತಿಗೆ ಬಂದ ಜೋರು ತಲೆನೋವನ್ನು ನಿದ್ದೆಗೇಡು ಎಂದು ಊಹಿಸುವ ಮುಂಚೆ ಬಿಪಿ ನೋಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ಹೆಪ್ಪುಗಟ್ಟಿದ ರಕ್ತದ ಸೂಚನೆ, ಥಟ್ಟನೆ ಉಸಿರು ಕಟ್ಟಿದಂತಾದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಸಿಸೇರಿಯನ್ ಆದವರಲ್ಲಿ ಇದು ಹೆಚ್ಚು, ಬೇಗ ಎದ್ದು ಓಡಾಡಿಸುವುದು ಅದಕ್ಕೇ. ಇಂಥ ತೊಂದರೆಗೆ ಯಾವ ಆಸ್ಪತ್ರೆಗೆ ಹೋದರೂ ಮೊದಲ ವಾಕ್ಯವೇ "ಹೆರಿಗೆಯಾಗಿ ಇಷ್ಟು ದಿನವಾಗಿದೆ" ಎಂದಿರಲಿ. ಅದು ಗೊತ್ತಿಲ್ಲದ ವೈದ್ಯರು ಬೇರೆ ದಾರಿಯಲ್ಲಿ ಯೋಚಿಸುತ್ತಾರೆ.

ಮನಸ್ಸಿನದ್ದೂ ಇಷ್ಟೇ ತೂಕದ ಮಾತು. ಹಾರ್ಮೋನುಗಳು ಒಮ್ಮೆಲೇ ಇಳಿಯುವುದರಿಂದ ಮೂರರಿಂದ ಐದನೇ ದಿನ ಸುಮ್ಮಸುಮ್ಮನೆ ಅಳು ಬರುವುದು ತೀರಾ ಸಾಮಾನ್ಯ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಏನೂ ಬೇಡವೆನಿಸುವುದು, ಮಗು ಮಲಗಿದ್ದರೂ ನಿದ್ದೆ ಬಾರದಿರುವುದು, ತಾನು ಒಳ್ಳೆಯ ತಾಯಿಯಲ್ಲ ಎಂಬ ಕೊರಗು ಉಳಿದಿದ್ದರೆ ಅದು ಖಿನ್ನತೆ. ಎಡಿನ್‌ಬರೊ ಪ್ರಶ್ನಾವಳಿ ಎಂಬ ಹತ್ತೇ ಪ್ರಶ್ನೆಗಳ ಪಟ್ಟಿಯಿಂದ ವೈದ್ಯರು ಇದನ್ನು ಬೇಗ ಗುರುತಿಸಬಲ್ಲರು. 1987ರಿಂದ ಬಳಕೆಯಲ್ಲಿದೆ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಇಲ್ಲದ ದನಿ ಕೇಳುವುದು, ನಿದ್ದೆಯೇ ಬೇಡವೆನಿಸುವುದು, ವಿಚಿತ್ರ ಅನುಮಾನ, ತನಗೋ ಮಗುವಿಗೋ ಹಾನಿ ಮಾಡುವ ಆಲೋಚನೆ ಕಂಡರೆ ಅದು ಬಾಣಂತಿ ಸನ್ನಿ. ಸಾವಿರದಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಆದರೆ ತಾಯಿಯನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೆಮ್ಮಿದರೆ, ಸೀನಿದರೆ ಮೂತ್ರ ಜಾರುವುದನ್ನು ಹೆತ್ತವರ ಹಣೆಬರಹ ಎಂದು ಸಹಿಸಿಕೊಳ್ಳುವವರೇ ಹೆಚ್ಚು. ಮೂತ್ರವನ್ನೂ ವಾಯುವನ್ನೂ ತಡೆಹಿಡಿಯುವಂತೆ ತಳದ ಸ್ನಾಯುಗಳನ್ನು ಮೇಲಕ್ಕೆ ಬಿಗಿದು ಬಿಡುವ ಅಭ್ಯಾಸ, ಒಂದು ಸಲಕ್ಕೆ ಎಂಟು ಬಿಗಿತ, ದಿನಕ್ಕೆ ಮೂರು ಸಲ, ಮೂರು ತಿಂಗಳು ಮಾಡಿದರೆ ಬಹಳಷ್ಟು ಜನರಿಗೆ ಕಡಿಮೆಯಾಗುತ್ತದೆ. ಉಸಿರು ಬಿಗಿಹಿಡಿಯುವುದು, ಹೊಟ್ಟೆ ಅಥವಾ ಪೃಷ್ಠ ಬಿಗಿಯುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು.

ಆರು ವಾರದ ತಪಾಸಣೆ ಮತ್ತು ಮುಂದಿನ ಮಗುವಿನ ಅಂತರ

ಗರ್ಭಿಣಿಯಾಗಿದ್ದಾಗ ಸಕ್ಕರೆ ಬಂದವರು ಹೆರಿಗೆಯಾದ ಆರರಿಂದ ಹನ್ನೆರಡು ವಾರದೊಳಗೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು, ಸರಿಯಾಗಿದ್ದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆ ನೋಡಿಸುತ್ತಿರಬೇಕು. ಅವರಿಗೆ ಮುಂದೆ ಖಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಪ್ರಿಎಕ್ಲಾಂಪ್ಸಿಯಾ ಬಂದವರು ವರ್ಷಕ್ಕೊಮ್ಮೆ ಬಿಪಿ ನೋಡಿಸುವುದನ್ನು ಜೀವನಪೂರ್ತಿ ಬಿಡಬಾರದು.

ಮುಟ್ಟು ಮರಳುವ ಮುಂಚೆಯೇ ಅಂಡ ಬಿಡುಗಡೆಯಾಗುತ್ತದೆ. ಹಾಲುಣಿಸದವರಲ್ಲಿ ಇದು ಹೆರಿಗೆಯಾದ ನಾಲ್ಕನೇ ವಾರದಲ್ಲೇ ಆಗಬಹುದು, ಆದ್ದರಿಂದ ಗರ್ಭನಿರೋಧಕದ ವಿಚಾರ ಮೂರನೇ ವಾರಕ್ಕೇ ತೀರ್ಮಾನವಾಗಿರಬೇಕು. ಹಾಲುಣಿಸುವುದೇ ಗರ್ಭನಿರೋಧಕವಾಗಿ ಕೆಲಸ ಮಾಡಲು ಮೂರು ಷರತ್ತುಗಳಿವೆ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಒಂದು ತಪ್ಪಿದರೂ ಬೇರೆ ವಿಧಾನ ಬೇಕು. ಈಸ್ಟ್ರೊಜೆನ್ ಇರುವ ಮಾತ್ರೆಗಳು ಮೊದಲ ಆರು ವಾರ ಬೇಡ, ಅವು ಹೆಪ್ಪುಗಟ್ಟುವ ಅಪಾಯವನ್ನು ಇನ್ನಷ್ಟು ಏರಿಸುತ್ತವೆ.

ಒಂದು ಹೆರಿಗೆಯಾಗಿ ಮುಂದಿನ ಗರ್ಭ ನಿಲ್ಲುವುದರ ನಡುವೆ ಕನಿಷ್ಠ 24 ತಿಂಗಳು ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಖಾಲಿಯಾದ ಕಬ್ಬಿಣದ ಸಂಗ್ರಹ ಮತ್ತೆ ತುಂಬಲು, ಸಿಸೇರಿಯನ್ ಗಾಯ ಗಟ್ಟಿಯಾಗಲು, ಮೊದಲ ಮಗು ಎರಡು ವರ್ಷ ಎದೆಹಾಲು ಕುಡಿಯಲು ಅಷ್ಟು ಸಮಯ ಬೇಕು. ಗರ್ಭಪಾತವಾದವರಿಗೆ ಅದೇ ಸಂಸ್ಥೆ ಹೇಳುವ ಅಂತರ ಆರು ತಿಂಗಳು. ಹೆರಿಗೆಯ ನಂತರ ಕಬ್ಬಿಣದ ಮಾತ್ರೆಯನ್ನು ಆರರಿಂದ ಹನ್ನೆರಡು ವಾರ ಮುಂದುವರಿಸಿ, ಆಮೇಲೊಮ್ಮೆ ಹಿಮೋಗ್ಲೋಬಿನ್ ನೋಡಿಸಿ. 12 ಗ್ರಾಂ ಮುಟ್ಟದಿದ್ದರೆ ಮಾತ್ರೆ ನಿಲ್ಲಿಸುವ ಹೊತ್ತು ಇನ್ನೂ ಬಂದಿಲ್ಲ.